ಗಟಾರಕ್ಕಿಂತ ಮೇಲಿನ ನೀರು

ಪುಣೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿದ್ದು ನಾನು ಜಾಣೆ ಎಂದಲ್ಲ, ಹೆಂಗಸು ಎಂದು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಬಾಕಿ ಇದ್ದ ಕಾಲ. ಮುಠಾ ನದಿಯಲ್ಲಿ ಜನ ಮೀಯುವ, ಮಕ್ಕಳು ಈಜು ಕಲಿಯುವ ಘಾಟುಗಳ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸುವ ಕೆಲಸ ಹೊಸದಾಗಿ ಶುರುವಾಗಿತ್ತು. ಗಂಡಸರ ಘಾಟಿಗೆ ಸಿಪಾಯಿ ಹೋಗಿ ಬಾಟಲಿ ತುಂಬಿಕೊಂಡು ಬರುತ್ತಿದ್ದ. ಹೆಂಗಸರ ಘಾಟಿಗೆ, ಅದೂ ಬೆಳಗಿನ ಸ್ನಾನದ ಹೊತ್ತಿನಲ್ಲಿ, ಅವನು ಹೋಗುವುದು ಹೇಗೆ? ಒಮ್ಮೆ ಹೋಗಿ ಒದ್ದೆ ಸೀರೆಯ ಏಟು ತಿಂದು ಬಂದಿದ್ದನಂತೆ. ಬೆಳಗಾವಿಯಿಂದ ಕೆಲಸ ಹುಡುಕಿಕೊಂಡು ಬಂದಿದ್ದ, ಮ್ಯಾಟ್ರಿಕ್ ಪಾಸಾಗಿ ಮದುವೆಯಾಗದೆ ಉಳಿದಿದ್ದ ನನ್ನನ್ನು ಪ್ರಯೋಗಾಲಯದ ಸಾಹೇಬರು ಎರಡೇ ಪ್ರಶ್ನೆ ಕೇಳಿ ಸೇರಿಸಿಕೊಂಡರು. ನೀರಿಗೆ ಹೆದರುತ್ತೀರಾ? ಕೈ ನಡುಗುತ್ತದೆಯೇ?

ನೀರಿಗೆ ನಾನು ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಭಾನುವಾರಕ್ಕೆ. ನಾರಾಯಣ ಪೇಠೆಯಲ್ಲಿ ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಕೆ ಒಳ್ಳೆಯವಳೇ, ಆದರೆ ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳಂತೆ ಇದ್ದಳು. ಭಾನುವಾರ ಕೆಲಸವೂ ಇಲ್ಲ, ಮಾತೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಬಾಯಿ ಕಟ್ಟಿಹೋದಂತಾಗಿ, ತೀರಿಹೋದ ಅಪ್ಪನ ಹಳೆಯ ಕಾಗದಗಳನ್ನು ತೆಗೆದು ಗಟ್ಟಿಯಾಗಿ ಓದುತ್ತಿದ್ದೆ. ಕನ್ನಡ ಕಿವಿಗೆ ಬೀಳಲಿ ಎಂದು, ಅಷ್ಟೇ.

ಕೆಲಸ ಕಷ್ಟದ್ದಲ್ಲ, ಆದರೆ ಮಡಿಯದ್ದು. ಬಾಟಲಿಯನ್ನು ಆವಿಯಲ್ಲಿ ಬೇಯಿಸಿ, ಕಾಗದ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಘಾಟಿನಲ್ಲಿ ಪುಟ್ಟ ಸ್ಪಿರಿಟ್ ದೀಪ ಹಚ್ಚಿ, ಬಾಟಲಿಯ ಬಾಯಿಯನ್ನು ಉರಿಯ ಸುತ್ತ ತಿರುಗಿಸಿ, ಮೊಳದಾಳಕ್ಕೆ ಮುಳುಗಿಸಿ ನೀರು ಹಿಡಿಯಬೇಕು. ಬೆರಳು ಬಾಯಿಗೆ ತಾಕಿದರೆ ಆ ನೀರು ಕೆಟ್ಟಿತು. ಪ್ರಯೋಗಾಲಯದಲ್ಲಿ ಅದನ್ನು ಕೆಂಪು ರಸದ ನಳಿಕೆಗಳಿಗೆ ಹಾಕಿ ಮೈಯ ಬಿಸಿಯಷ್ಟು ಶಾಖದಲ್ಲಿ ಎರಡು ದಿನ ಇಡುತ್ತಿದ್ದೆವು. ಮನುಷ್ಯರ ಹೊಟ್ಟೆಯಿಂದ ಬಂದ ಕ್ರಿಮಿ ನೀರಿನಲ್ಲಿದ್ದರೆ ನಳಿಕೆಯೊಳಗೆ ಗುಳ್ಳೆ ಏಳುತ್ತದೆ.

ಸಾಹೇಬರಿಗೆ ಈ ಎರಡು ದಿನದ ಮೇಲೆ ಬಹಳ ಸಿಟ್ಟು. ನೀರು ಕೆಟ್ಟಿತ್ತು ಎಂದು ನಮಗೆ ತಿಳಿಯುವ ಹೊತ್ತಿಗೆ ಅದರಲ್ಲಿ ಮಕ್ಕಳು ಮೂರು ಸಲ ಮುಳುಗಿ ಎದ್ದಿರುತ್ತಾರೆ ಎನ್ನುತ್ತಿದ್ದರು. ಅದಕ್ಕೇ ಗೋಡೆಯ ಮೇಲೆ ದೊಡ್ಡ ಹಾಳೆಯೊಂದನ್ನು ಅಂಟಿಸಿದ್ದರು. ಅಂಗಳದ ಮಾಪಕದಲ್ಲಿ ಬಿದ್ದ ಮಳೆ, ಸೇತುವೆಯ ಕಂಬದ ಗುರುತಿನ ಮೇಲೆ ಹೊಳೆಯ ಎತ್ತರ, ನಳಿಕೆಗಳ ಗುಳ್ಳೆ, ಮೂರನ್ನೂ ಮೂರು ಬಣ್ಣದಲ್ಲಿ ಬರೆಯುತ್ತಿದ್ದರು. ಮಳೆ ನೋಡಿಯೇ ನಾಳೆಯ ನೀರು ಹೇಗಿದ್ದೀತೆಂದು ಮುಂಚಿತವಾಗಿ ಹೇಳಬೇಕು, ಅಂಥ ದಿನ ಘಾಟಿನಲ್ಲಿ ಎಚ್ಚರಿಕೆಯ ಫಲಕ ನಿಲ್ಲಿಸಬೇಕು ಎಂಬುದು ಅವರ ಹಟ. ಆ ಹಾಳೆಯಲ್ಲಿ ಹೆಂಗಸರ ಘಾಟಿನ ಗೆರೆ ಇಡೀ ನನ್ನ ಕೈಯ ಮೇಲೆ ನಿಂತಿತ್ತು.

ಘಾಟಿನ ಮೆಟ್ಟಿಲಿನಿಂದ ತುಸು ಮೇಲಕ್ಕೆ, ಪೇಠೆಯ ಒಂದು ಗಟಾರು ಹೊಳೆಗೆ ಬೀಳುತ್ತಿತ್ತು. ಮೊದಲ ಎರಡು ವಾರ ಮೆಟ್ಟಿಲ ಬಳಿ ಹಿಡಿದ ನೀರಿನಲ್ಲಿ ನಳಿಕೆ ನಳಿಕೆಯಲ್ಲೂ ಗುಳ್ಳೆ. ನನಗೇನೂ ಆಶ್ಚರ್ಯವಾಗಲಿಲ್ಲ. ಹೆಂಗಸರು ನನ್ನತ್ತ ವಾರೆಗಣ್ಣಲ್ಲಿ ನೋಡಿ ಸೆರಗು ಸರಿಪಡಿಸಿಕೊಂಡು ದೂರ ಸರಿಯುತ್ತಿದ್ದರು. ಅದಕ್ಕೂ ಆಶ್ಚರ್ಯವಾಗಲಿಲ್ಲ.

ಮೂರನೆಯ ವಾರ, ದೀಪ ಹಚ್ಚುತ್ತಿದ್ದಾಗ, ನೀರಿನೊಳಗಿಂದ ಒಂದು ಮಾತು ಬಂತು.

“ಕಾಲ ಬಡೀ, ಜೋರ್ ಬಡೀ. ಹಂಗ ಹೆಣದ್ಹಂಗ ತೇಲಬ್ಯಾಡ.”

ಎದೆಯುದ್ದ ನೀರಿನಲ್ಲಿ ನಿಂತ ಹೆಂಗಸೊಬ್ಬಳು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿದ್ದ ಆರು ವರ್ಷದ ಮಗಳಿಗೆ ಈಜು ಕಲಿಸುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಹೆಣ ಎಂಬ ಮಾತು ಕೇಳಿ ಆನಂದಪಟ್ಟವಳು ನಾನೊಬ್ಬಳೇ ಇರಬೇಕು.

“ಯಾವೂರ್ರಿ ನಿಮ್ದು?” ಎಂದು ಕೇಳಿದೆ.

ಆಕೆ ಥಟ್ಟನೆ ತಿರುಗಿದಳು. “ಅಯ್ಯ, ನಮ್ಮ ಮಂದಿ ಏನ್ರಿ ನೀವು? ನಮ್ದು ಧಾರವಾಡ. ನಮ್ಮವರು ಇಲ್ಲೆ ಕಚೇರಿಯೊಳಗ ಕಾರಕೂನರು.” ಮೆಟ್ಟಿಲೇರಿ ಬಂದು ನನ್ನ ದೀಪ, ಬಾಟಲಿ ನೋಡಿದಳು. “ಪ್ರತಿ ವಾರ ನೋಡತೀನ್ರಿ ನಿಮ್ಮನ್ನ. ಗಂಗವ್ವಗ ಆರತಿ ಮಾಡ್ತೀರಿ, ಹೌದಲ್ರಿ? ಈ ಕಾಲದಾಗ ಕಲಿತ ಹುಡಿಗ್ಯಾರು ಇಂಥಾದ್ದೆಲ್ಲ ಎಲ್ಲಿ ಮಾಡ್ತಾರ?”

ಇಲ್ಲ, ಇದು ಆರತಿಯಲ್ಲ, ನಿಮ್ಮ ನೀರಿನಲ್ಲಿ ಹೊಲಸಿದೆಯೇ ಎಂದು ನೋಡುತ್ತಿದ್ದೇನೆ. ಹೇಳಬೇಕಾಗಿದ್ದದ್ದು ಇಷ್ಟೇ. ಆದರೆ ಆಕೆಯ ಮುಖ ಅಷ್ಟು ಅರಳಿತ್ತು. ತಾವು ಮೀಯುವ ಹೊಳೆಯನ್ನು ಹೊಲಸೆಂದವಳ ಜೊತೆ ಯಾರು ಮಾತಾಡುತ್ತಾರೆ?

“ಹೌದ್ರಿ ಅಕ್ಕಾ,” ಎಂದೆ.

ಮುಂದಿನ ವಾರ ಆಕೆ ಹೂವು ತಂದಳು. ಉಳಿದ ಮರಾಠಿ ಹೆಂಗಸರಿಗೂ ಹೇಳಿದ್ದಳೆಂದು ಕಾಣುತ್ತದೆ, ಎಲ್ಲರೂ ನನ್ನ ಸುತ್ತ ನೆರೆದರು. ನಾನು ಬಾಟಲಿಯನ್ನು ಉರಿಯ ಸುತ್ತ ತಿರುಗಿಸುತ್ತಿದ್ದಂತೆ ಕೈಮುಗಿದರು. ಒಬ್ಬಳು ಬಾಟಲಿಯ ಕತ್ತಿಗೆ ಕುಂಕುಮ ಹಚ್ಚಿದಳು. ಇನ್ನೊಬ್ಬಳು ಸೇವಂತಿಗೆಯ ಒಂದು ಎಸಳನ್ನು ಬಾಟಲಿಯ ಬಾಯೊಳಗೇ ಹಾಕಿದಳು. ಬಾಟಲಿ ಕೆಟ್ಟಿತು. ನಾನು ನಗುನಗುತ್ತ ಅದರಲ್ಲೇ ನೀರು ತುಂಬಿ, ಹೊಳೆಗೇ ಅರ್ಪಿಸಿದೆ.

ಪೆಟ್ಟಿಗೆಯಲ್ಲಿ ಹೆಚ್ಚಿನ ಬಾಟಲಿಯೊಂದು ಯಾವಾಗಲೂ ಇರುತ್ತಿತ್ತು. ಅದನ್ನು ಅವರ ಕಣ್ಣೆದುರು ತೆಗೆದರೆ ಎರಡನೆಯ ಆರತಿ ಏಕೆಂದು ಕೇಳುತ್ತಾರೆ. ಹಾಗಾಗಿ ಬಂಡೆಗಳ ಮರೆಗೆ, ದಂಡೆಗುಂಟ ಮೇಲಕ್ಕೆ ನಡೆದು, ಗಟಾರನ್ನು ದಾಟಿದ ತಿರುವಿನಲ್ಲಿ ನೀರು ಹಿಡಿದೆ. ಅದೇ ಹೊಳೆ, ಅದೇ ನೀರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೆಂದು ನನಗೆ ಆ ಕ್ಷಣದಲ್ಲೂ ಗೊತ್ತಿತ್ತು. ಎರಡು ದಿನದ ಮೇಲೆ ನಳಿಕೆಗಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವಾರವೂ ಹಾಗೆಯೇ ನಡೆಯಿತು. ಮೆಟ್ಟಿಲ ಬಳಿ ಆರತಿಯ ಬಾಟಲಿ, ತಿರುವಿನಲ್ಲಿ ಪರೀಕ್ಷೆಯ ಬಾಟಲಿ. ಹಾಳೆಯ ಮೇಲೆ ನನ್ನ ಗೆರೆ ತಳಕ್ಕೆ ಇಳಿಯಿತು. ಆಗಷ್ಟೇ ನಗರಸಭೆಯವರು ಗಟಾರನ್ನು ದುರಸ್ತಿ ಮಾಡಿದ್ದರು, ಅದೇ ಫಲ ಕೊಟ್ಟಿತೆಂದು ಸಾಹೇಬರು ಸಂತೋಷಪಟ್ಟರು.

ನಾನೂ ಸಂತೋಷವಾಗಿದ್ದೆ. ಭಾನುವಾರದ ಊಟ ಅಕ್ಕನ ಮನೆಯಲ್ಲಿ ಆಗತೊಡಗಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನನ್ನನ್ನು ತಂಗಿ ಎಂದು ಕರೆದು, ನನಗೆ ಮದುವೆಯಾಗದ್ದಕ್ಕೆ ನನಗಿಂತ ಹೆಚ್ಚು ಚಿಂತೆ ಮಾಡುತ್ತಿದ್ದಳು. ಹುಡುಗಿ ನನ್ನನ್ನು ಚಿಕ್ಕಮ್ಮನೆಂದು “ಮೌಶಿ, ಮೌಶಿ” ಎನ್ನುತ್ತ ಹಿಂದೆ ಮುಂದೆ ಸುತ್ತಿ, ಕೊನೆಗೆ ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಆ ಭಾರಕ್ಕೆ ಕಾಲು ಜೋಮು ಹಿಡಿದರೂ ನಾನು ಅಲುಗಾಡುತ್ತಿರಲಿಲ್ಲ. ಮೆಟ್ಟಿಲ ನೀರಿನ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಬರುವ ವಾರ ಹೇಳಿದರಾಯಿತು ಎಂದು ನುಂಗಿಕೊಂಡೆ. ಇಷ್ಟು ಜನ ಮೀಯುತ್ತಾರೆ, ಯಾರಿಗೇನಾಗಿದೆ ಎಂದೂ ಅಂದುಕೊಂಡೆ. ಪರೀಕ್ಷೆ ಮಾಡುವವಳ ಬಾಯಲ್ಲಿ ಬರಬಾರದ ಮಾತು ಅದು.

ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಸಂಜೆ ಹೊಡೆಯಿತು. ಪೇಠೆಯ ಓಣಿಗಳ ಹೊಲಸೆಲ್ಲ ತೊಳೆದು ಗಟಾರಿಗೆ ಬಿತ್ತು. ಮರುದಿನ ಸಾಹೇಬರು ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಗಂಡಸರ ಘಾಟಿಗೆ ಫಲಕ ಕಳಿಸಿಯಾಗಿತ್ತು.

“ನನ್ನ ಲೆಕ್ಕದ ಪ್ರಕಾರ ಹೆಂಗಸರ ಘಾಟು ಇನ್ನೂ ಹೆಚ್ಚು ಕೆಟ್ಟಿರಬೇಕು,” ಎಂದರು ಮರಾಠಿಯಲ್ಲಿ. “ಆದರೆ ಬೇಸಿಗೆಯ ಕೊನೆಯ ಮಳೆ ಬಿದ್ದ ಮರುದಿನವೂ ನಿಮ್ಮ ನೀರು ಸ್ವಚ್ಛವಾಗಿತ್ತು. ನೀವು ಮೆಟ್ಟಿಲ ಬಳಿಯೇ ಹಿಡಿಯುತ್ತೀರಲ್ಲವೇ?”

“ಹೌದು ಸಾಹೇಬ್,” ಎಂದೆ.

ಅವರು ತಮ್ಮ ಲೆಕ್ಕವನ್ನು ಬಿಟ್ಟು ನನ್ನ ಮಾತನ್ನು ನಂಬಿದರು. ಫಲಕ ಹೋಗಲಿಲ್ಲ. ಮಳೆಗೆ ಹೊಳೆ ತುಸು ತುಂಬಿದ್ದರಿಂದ ಹುಡುಗಿಗೆ ಹಿಗ್ಗೋ ಹಿಗ್ಗು. ಬುರುಡೆ ಬಿಚ್ಚಿ, ಮೊದಲ ಸಲ ತಾನೇ ಈಜಿದಳು. ದಂಡೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದವಳು ನಾನು. ಅವಳ ಬಾಯೊಳಗೆ ನೀರು ಹೋಗುವುದೂ ಕಾಣುತ್ತಿತ್ತು, ನಕ್ಕು ಉಗುಳುವುದೂ ಕಾಣುತ್ತಿತ್ತು.

ಎರಡು ವಾರದ ಮೇಲೆ ಅವಳಿಗೆ ಜ್ವರ ಬಂತು. ಇಳಿಯಲಿಲ್ಲ. ವೈದ್ಯರು ಟೈಫಾಯ್ಡ್ ಎಂದರು. ಆ ಓಣಿಯಲ್ಲಿ ಇನ್ನೂ ಎರಡು ಮನೆಗಳಲ್ಲಿ ಅದೇ ಜ್ವರವಿತ್ತು, ಎರಡೂ ಘಾಟಿಗೆ ಬರುವ ಮನೆಗಳೇ.

ನಾನು ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆರತಿ, ಕುಂಕುಮ, ತಿರುವು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೊದಲು ಸಿಪಾಯಿಯನ್ನು ಕರೆದು ಫಲಕ ಕಳಿಸಿದರು. ಆಮೇಲೆ ಗೋಡೆಯ ಬಳಿ ಹೋಗಿ, ಅಷ್ಟು ವಾರಗಳ ನನ್ನ ಗೆರೆಯನ್ನು ಪೆನ್ಸಿಲಿನಿಂದ ಅಡ್ಡಡ್ಡ ಹೊಡೆದರು. “ಜ್ವರ ಹಾಲಿನಿಂದಲೂ ಬರುತ್ತದೆ, ಹೊಳೆಯಿಂದಲೇ ಎಂದು ಯಾರೂ ಸಾಧಿಸಲಾರರು,” ಎಂದರು. ಹೆಂಗಸರ ಘಾಟಿಗೆ ಕಳಿಸಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನನ್ನ ಕೆಲಸ ಉಳಿಯಿತು.

ನನಗೆ ಅದನ್ನು ಸಾಧಿಸುವವರು ಬೇಕಿರಲಿಲ್ಲ. ನಾನು ದಿನವೂ ಸಂಜೆ ಅಕ್ಕನ ಮನೆಗೆ ಹೋಗಿ ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ನಾಲ್ಕನೆಯ ವಾರ ಜ್ವರ ಬಿಟ್ಟಿತು. ಕೂದಲು ಉದುರಿ ತಲೆ ಬೋಳಿಸಬೇಕಾಯಿತು, ಗೋಡೆ ಹಿಡಿದು ನಡೆಯುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ಆದರೆ ಉಳಿದಳು. ಅಕ್ಕ ನನ್ನ ಎರಡೂ ಕೈ ಹಿಡಿದು, “ನೀ ಗಂಗವ್ವನ ಸೇವಾ ಮಾಡಿದ್ದಕ್ಕ ಕೂಸು ಉಳೀತು ನೋಡ ತಂಗಿ,” ಎಂದಳು.

ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಹೇಳಿಬಿಟ್ಟೆ. ದೀಪ ಯಾಕೆ, ಬಾಟಲಿ ಯಾಕೆ, ಗುಳ್ಳೆ ಏನು, ಎಲ್ಲಿಯ ನೀರನ್ನು ಎಲ್ಲಿಯದೆಂದು ಬರೆಸಿದೆ, ಎಲ್ಲ. ಆಕೆ ಕೈಯಲ್ಲಿದ್ದ ಹಿಟ್ಟನ್ನು ಒರೆಸಿಕೊಳ್ಳಲೂ ಮರೆತು ಕೇಳಿದಳು.

“ಅಂದ್ರ, ಮೆಟ್ಟಲದ ನೀರು ಕೆಟ್ಟದ್ದು ಅಂತ ನಿಮಗ ಮೊದಲಿಂದನ ಗೊತ್ತಿತ್ತು?”

“ನಿಮಗ” ಎಂದಳು. ತಂಗಿಯಾದಂದಿನಿಂದ ನಾನು “ನೀ” ಆಗಿದ್ದೆ.

“ಗೊತ್ತಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ನನ್ನ ಹತ್ತರ ಸೇರಿಸಿಕೊಳ್ಳೂದಿಲ್ಲ ಅನಿಸ್ತು. ನನಗ ಇಲ್ಲೆ ಮಾತಾಡಲಿಕ್ಕೆ ಯಾರೂ ಇದ್ದಿದ್ದಿಲ್ರಿ ಅಕ್ಕಾ.”

ಆಕೆ ಅಳಲಿಲ್ಲ, ದನಿ ಏರಿಸಲಿಲ್ಲ. “ಹೇಳಿದ್ದರ ನಾ ಮಗಳನ್ನ ಹೊಳಿಗೆ ಒಯ್ಯೂದು ಬಿಡತಿದ್ದೆ. ನಿಮ್ಮನ್ನ ಬಿಡತಿದ್ದಿಲ್ಲ,” ಎಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ನಾ ಅಷ್ಟ ಹಗರ ಅನಸಿದ್ನೇನು ನಿಮಗ?” ಎಂದು ಕೇಳಿ, ಒಳಗೆ ಎದ್ದು ಹೋದಳು. ನಾನು ಬಹಳ ಹೊತ್ತು ಕಾದೆ. ಆಕೆ ಹೊರಗೆ ಬರಲಿಲ್ಲ.

ಚಳಿಗಾಲ ಶುರುವಾದ ಮೇಲೆ ಒಂದು ದಿನ ಮಂಡಯಿ ಎಂಬ ತರಕಾರಿ ಮಾರುಕಟ್ಟೆಯಲ್ಲಿ, ಬದನೆಕಾಯಿ ಮಾರುವವಳ ಮುಂದೆ, ಅಕ್ಕನೂ ನಾನೂ ಎದುರಾದೆವು. ಹುಡುಗಿಯ ತಲೆಯ ಮೇಲೆ ಬೆರಳಗಲ ಕೂದಲು ಬಂದಿತ್ತು. ನನ್ನನ್ನು ಕಂಡು “ಮೌಶಿ” ಎಂದು ಓಡಿ ಬರಹೊರಟವಳು ತಾಯಿಯ ಮುಖ ನೋಡಿ ನಿಂತಳು. ಅಕ್ಕ ಸೆರಗು ಹೊದ್ದು, ಎಲ್ಲ ಮರಾಠಿ ಗೃಹಿಣಿಯರು ಪರಿಚಯದವರನ್ನು ಕೇಳುವಷ್ಟೇ ಮರ್ಯಾದೆಯಿಂದ, “ಕಶಾ ಆಹಾತ ಬಾಈ?” ಎಂದು ಕೇಳಿದಳು. ಹೇಗಿದ್ದೀರಿ ಎಂದು. ಮಗಳಿಗೂ ಮರಾಠಿಯಲ್ಲೇ, ಬಾಈಯವರಿಗೆ ನಮಸ್ಕಾರ ಮಾಡು ಎಂದಳು. ಹುಡುಗಿ ಏನೂ ತಿಳಿಯದೆ ಕೈಮುಗಿದಳು.

“ಬರೀ ಆಹೇ,” ಚೆನ್ನಾಗಿದ್ದೇನೆ ಎಂದು ನಾನೂ ಮರಾಠಿಯಲ್ಲೇ ಉತ್ತರ ಕೊಟ್ಟೆ.