ಒತ್ತದ ಹೆಬ್ಬೆಟ್ಟು

ಧಾರವಾಡದಲ್ಲಿ ಕಾನೂನು ಓದಿ ಗದಗಿನಲ್ಲಿ ವಕೀಲಿ ಶುರುಮಾಡಿ ನನಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಬೆಟಗೇರಿಯ ನೇಕಾರರ ಓಣಿಯಿಂದ ಹೆಣ್ಣುಮಗಳು ನಾನು ಕರಿಕೋಟು ತೋಳ ಮೇಲೆ ಹಾಕಿಕೊಂಡು ಹೊರಟರೆ ಮಗ್ಗಗಳ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಬಡವರ ಕೇಸುಗಳನ್ನು ಫೀ ಇಲ್ಲದೆ ನಡೆಸುತ್ತೇನೆಂದು ನಾನೇ ಕೋರ್ಟಿನಲ್ಲಿ ಹೆಸರು ಬರೆಸಿದ್ದೆ. ಚುನಾವಣೆಗೆ ನಿಲ್ಲುವ ಹಂಚಿಕೆ ಇರಬೇಕೆಂದು ವಕೀಲರ ಕೋಣೆಯಲ್ಲಿ ಮಾತಾಡಿಕೊಂಡರು. ಎದುರು ಪಾರ್ಟಿಯವರು ಒಳಗಿಂದೊಳಗೆ ಏನೋ ಕೊಡುತ್ತಿರಬೇಕು, ಇಲ್ಲದಿದ್ದರೆ ಪುಕ್ಕಟೆ ಯಾರು ದುಡಿಯುತ್ತಾರೆ ಎಂದು ಓಣಿಯವರು ಅಂದರು.

ಶಿಗ್ಲಿಯಿಂದ ಬಂದ ವಿಧವೆಗೂ ನನ್ನ ಮೇಲೆ ಅದೇ ಗುಮಾನಿ. ನಲವತ್ತರ ಆಸುಪಾಸಿನ ಮುಸ್ಲಿಂ ಹೆಂಗಸು, ತಲೆ ತುಂಬ ಸೆರಗು. ಗಂಡ ಬದುಕಿದ್ದಾಗ ನಾಲ್ಕು ಎಕರೆ ಹೊಲವನ್ನು ಅವಳ ಹೆಸರಿಗೆ ಮಾಡಿದ್ದ. ಅವನು ತೀರಿಕೊಂಡ ಮೇಲೆ ಹೊಲದ ಕಾಗದದಲ್ಲಿ ಅವಳ ಹೆಸರಿದ್ದ ಕಡೆ ಮೈದುನನ ಹೆಸರು ಬಂದಿತ್ತು. ಅವಳೇ ಬಕ್ಷೀಸು ಪತ್ರ ಬರೆದು ಹೊಲ ಕೊಟ್ಟಿದ್ದಾಳೆಂದು ಅವನ ವಾದ. ತಾನು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಲ್ಲವೆಂದು ಅವಳ ಮಾತು.

ವಕಾಲತ್ತಿನ ಕಾಗದ ಓದಿ ಹೇಳಿ, ಶಾಯಿಯ ಡಬ್ಬಿ ಮುಂದಿಟ್ಟೆ. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು.

"ನೀವು ಓದಿದ್ದು ಇದರಾಗ ಐತೋ ಇಲ್ಲೋ, ನನಗ ಹೆಂಗ ತಿಳೀಬೇಕ್ರಿ ಅಕ್ಕಾರ?"

ಕಾಗದವನ್ನು ಅವಳ ಕೈಗೇ ಕೊಟ್ಟು ಕಳಿಸಿದೆ. ಎಂಟು ದಿನ ಬಿಟ್ಟು ಬಂದಳು. ಲಕ್ಷ್ಮೇಶ್ವರದಲ್ಲಿ ಒಬ್ಬ ಮಾಸ್ತರರಿಂದ, ಸಂತೆಯಲ್ಲಿ ಒಬ್ಬ ಅಂಗಡಿಕಾರನಿಂದ ಓದಿಸಿ, ಸಾಲದ್ದಕ್ಕೆ ಬಸ್ಸು ಹತ್ತಿ ಮುಂಡರಗಿಗೆ ಹೋಗಿ ಅಕ್ಕನ ಮಗನಿಂದಲೂ ಓದಿಸಿದ್ದಳು. ಮೂವರೂ ಒಂದೇ ಮಾತು ಹೇಳಿದರಂತೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಬಕ್ಷೀಸು ಪತ್ರದ ನಕಲು ತರಿಸಿ ನೋಡಿದಾಗ ಸಂಶಯಪಡುವ ಸರದಿ ನನ್ನದಾಯಿತು. ಅವಳು ಸ್ವತಃ ನೋಂದಣಿ ಕಚೇರಿಗೆ ಬಂದು, ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿದಳೆಂದು ಅದರಲ್ಲಿ ಸ್ಪಷ್ಟವಾಗಿತ್ತು. ನನ್ನ ಹಿರಿಯ ವಕೀಲರು ಕನ್ನಡಕ ತೆಗೆದಿಟ್ಟು, "ಒತ್ತಿದಾರೆಲ್ಲಾ ಒತ್ತಿಲ್ಲ ಅಂತನ ಹೇಳ್ತಾರವಾ. ಅಕಿನ್ನ ನಂಬಿ ಮೊದಲನೇ ಕೇಸಿನಾಗ ಮುಖಾ ಕೆಡಿಸ್ಕೋಬ್ಯಾಡ" ಎಂದರು. ಅವಳನ್ನು ಕೂರಿಸಿಕೊಂಡು ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಕೇಳಿದೆ. ಪ್ರತಿ ಸಲವೂ ಒತ್ತಿಲ್ಲ ಎಂದಷ್ಟೇ ಹೇಳಿದಳು. ಅಷ್ಟು ಕಡಿಮೆ ಮಾತೇ ನನಗೆ ಏನನ್ನೋ ಮುಚ್ಚಿಡುವಂತೆ ಕಂಡಿತು.

ಒಂದು ಶನಿವಾರ ಅವಳಿಗೆ ತಿಳಿಸದೆ ಶಿಗ್ಲಿಗೆ ಹೋದೆ. ಅವಳ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ನಾನು ಯಾರೆಂದು ಹೇಳದೆ, ಪತ್ರ ನೋಂದಣಿಯಾದ ತಿಂಗಳು ಹೇಳಿ, ಆಗ ಪಕ್ಕದ ಮನೆಯಾಕೆ ಊರು ಬಿಟ್ಟು ಹೋಗಿದ್ದಳೇ ಎಂದು ಕೇಳಿದೆ.

"ಆವಾಗ ಅಕಿ ಇದ್ದತ್ ಕುಂತಿದ್ಲಲ್ರಿ. ಗಂಡ ಸತ್ತ ಮ್ಯಾಲೆ ನಾಕು ತಿಂಗಳ ಹತ್ತ ದಿನ ಹೊಸ್ತಿಲಾ ದಾಟಿಲ್ಲ. ನೀರು ನಾನ ತಂದು ಹಾಕೇನಿ."

ತಿರುಗಿ ನೋಡಿದರೆ ಬಾಗಿಲಲ್ಲಿ ನನ್ನ ಕಕ್ಷಿಗಾರ್ತಿ ಕೊಡ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೊಡ ಇಳಿಸಿ, ತನ್ನ ಮನೆಯಿಂದ ಚಹಾ ಮಾಡಿ ತಂದುಕೊಟ್ಟಳು. ಅದನ್ನು ಕುಡಿಯುವಷ್ಟು ಹೊತ್ತೂ ನನಗೆ ತಲೆ ಎತ್ತಲಾಗಲಿಲ್ಲ.

ಇದ್ದತ್ತಿನಲ್ಲಿದ್ದವಳು ಕಚೇರಿಗೆ ಹೋಗಿರಲಾರಳೆಂಬ ಧೈರ್ಯದ ಮೇಲೆ, ನೋಂದಣಿ ಕಚೇರಿಯ ಪುಸ್ತಕದಲ್ಲಿರುವ ಹೆಬ್ಬೆಟ್ಟಿನ ಗುರುತನ್ನು ಅವಳ ಹೆಬ್ಬೆಟ್ಟಿಗೆ ಹೋಲಿಸಿ ನೋಡಬೇಕೆಂದು ಲಕ್ಷ್ಮೇಶ್ವರದ ಕೋರ್ಟಿನಲ್ಲಿ ಅರ್ಜಿ ಹಾಕಿದೆ. ಅವಳು ಎಲ್ಲರೆದುರು ಖಾಲಿ ಹಾಳೆಯ ಮೇಲೆ ಗುರುತು ಕೊಡಬೇಕಾಯಿತು. ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಏನು ಬರೆಯುತ್ತೀರಿ ಎಂದು ನ್ಯಾಯಾಧೀಶರನ್ನೇ ಕೇಳಿದಳು. ಎದುರು ವಕೀಲರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಹೋಲಿಸಲಿಕ್ಕೆ ಮಾತ್ರ ಎಂದು ತಾವೇ ಬರೆದು, ಓದಿ ಹೇಳಿ, ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದರು.

ತಿಂಗಳುಗಟ್ಟಲೆ ಕಾದ ಮೇಲೆ ಬಂದ ವರದಿಯಲ್ಲಿ ಆ ಗುರುತು ಅವಳದಲ್ಲವೆಂದಿತ್ತು. ಮೈದುನ ಬೇರೊಬ್ಬ ಹೆಂಗಸನ್ನು ಕರೆದೊಯ್ದು ನಿಲ್ಲಿಸಿದ್ದ. ಪತ್ರ ರದ್ದಾಯಿತು, ಹೊಲ ಅವಳ ಹೆಸರಿಗೆ ಮರಳಿತು. ಕಳ್ಳ ಹೆಬ್ಬೆಟ್ಟು ಒತ್ತಿದವಳ ಮೇಲೂ ಕೇಸು ಹಾಕೋಣವೆಂದು ನಾನು ಹಟ ಹಿಡಿದೆ. ಅವಳು ಒಪ್ಪಲಿಲ್ಲ.

"ಯಾರ ಹೆಬ್ಬೆಟ್ಟಂತ ನನಗ ಗೊತ್ತೈತ್ರಿ. ಅಕೀ ಮನ್ಯಾಗ ಸಣ್ಣ ಕೂಸು ಅದಾವು. ಹೊಲಾ ಬಂತು, ಸಾಕು."

ಆ ದಿನ ಬಸ್ ನಿಲ್ದಾಣದಲ್ಲಿ, ಶಿಗ್ಲಿಗೆ ಬಂದು ಕದ್ದು ವಿಚಾರಿಸಿದ್ದು ತಪ್ಪಾಯಿತೆಂದು ಹೇಳಿದೆ. ಇದ್ದತ್ತಿನ ಮಾತನ್ನು ನೀನೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಗಂಡ ಸತ್ತ ದುಃಖದ ದಿನಗಳನ್ನು ಕೋರ್ಟಿಗೆ ತರುವುದು ಬೇಡವಾಗಿತ್ತಂತೆ.

"ನೀವು ನನ್ನ ಮಾತಷ್ಟ ನಂಬಿ ಕುಂತಿದ್ರ ಕೇಸ್ ಹೋಗತಿತ್ರಿ," ಎಂದಳು. ಬಸ್ಸು ಬಂತು. ಬುತ್ತಿಯ ಗಂಟು ಎದೆಗವಚಿಕೊಂಡು ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು.