ಸೌರ ಮಾರುತಕ್ಕೆ ಹಾಕಿದ ಅಗಳಿ

ನೋವು ಶುರುವಾದದ್ದು ಬೆಳಗಿನ ಕಾಫಿ ಕುಡಿಯುತ್ತಿದ್ದಾಗ. ಮಗು ಅಡ್ಡ ತಿರುಗಿದೆ, ನೋವು ಕಾಣಿಸಿದ ಕೂಡಲೇ ಹೊರಟು ಬನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅತ್ತಿಗುಂಡಿಯಿಂದ ಘಾಟಿ ಇಳಿದು ಚಿಕ್ಕಮಗಳೂರು ಸೇರಬೇಕು. ಇವರು ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರು. ನಾನು ಚೀಲ ಹಿಡಿದು ಬಂದರೆ ಅತ್ತೆ ಮುಂಬಾಗಿಲಿಗೆ ಅಗಳಿ ಹಾಕಿ, ಬೆನ್ನು ಕೊಟ್ಟು ನಿಂತಿದ್ದಾರೆ!

“ಇವತ್ತು ಹೊರಗೆ ಕಾಲಿಡ್ಬೇಡ ಮಾರಾಯ್ತಿ. ಸೂರ್ಯನಿಂದ ಎಂಥದೋ ಬಿರುಗಾಳಿ ಬರ್ತದಂತೆ, ಟಿವಿಯಲ್ಲೇ ಹೇಳಿದ್ರು. ಗ್ರಹಣಕ್ಕಿಂತ ಕೆಟ್ಟದ್ದು ಅದು.”

ಆಗ ನೋಡಿದೆ. ಹಾಲು, ನೀರು, ಉಪ್ಪಿನಕಾಯಿ ಭರಣಿ, ಎಲ್ಲದರ ಮೇಲೂ ದರ್ಭೆ. ಕಿಟಕಿಗಳೆಲ್ಲ ಮುಚ್ಚಿವೆ. ಗ್ರಹಣದ ದಿನ ಬಸುರಿಗೆ ಮಾಡುವ ಕಟ್ಟುಪಾಡೆಲ್ಲ ಆಗಿಹೋಗಿದೆ. ಮದುವೆಗೆ ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವಳು ನಾನು, ಮೈಯೆಲ್ಲ ಉರಿದುಹೋಯಿತು. ಇವರೋ, ಬಾಗಿಲಾಚೆ ನಿಂತು “ಅಮ್ಮಾ, ಅಮ್ಮಾ” ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

“ಅತ್ತೆ, ಅದು ಇವತ್ತು ಹುಟ್ಟಿದ ಗಾಳಿಯಲ್ಲ. ಸೂರ್ಯನ ಹೊರಪದರ ಲಕ್ಷಗಟ್ಟಲೆ ಡಿಗ್ರಿ ಕಾದಿರ್ತದೆ. ಅಷ್ಟು ಕಾದದ್ದನ್ನು ಸೂರ್ಯನ ಸೆಳೆತಕ್ಕೂ ಹಿಡಿದಿಡ್ಲಿಕ್ಕೆ ಆಗೋದಿಲ್ಲ. ವಿದ್ಯುತ್ ತುಂಬಿದ ಸಣ್ಣ ಸಣ್ಣ ಕಣಗಳು ಎಲ್ಲಾ ದಿಕ್ಕಿಗೂ ಹೊರಟುಬಿಡ್ತವೆ, ಅದೇ ಸೌರ ಮಾರುತ. ಯಾವಾಗ್ಲೂ ಬೀಸ್ತಾನೇ ಇರ್ತದೆ. ಸೂರ್ಯನಲ್ಲಿ ಸ್ಫೋಟ ಆದಾಗ ಸ್ವಲ್ಪ ಜಾಸ್ತಿ, ಅಷ್ಟೆ.”

ಮತ್ತೆ ನೋವು ಬಂತು. ಗೋಡೆ ಹಿಡಿದು ಕುಕ್ಕರಿಸಿದೆ.

“ಅಯ್ಯೋ, ಆಗ್ಲೇ ತಾಗಿತು!”

“ಎಂಥದೂ ತಾಗ್ಲಿಲ್ಲ! ಭೂಮಿಗೆ ಅಯಸ್ಕಾಂತದ ಶಕ್ತಿ ಇದೆ, ಹೆಚ್ಚಿನದನ್ನು ಅದೇ ಪಕ್ಕಕ್ಕೆ ತಿರುಗಿಸ್ತದೆ. ಉಳಿದದ್ದು ಮೇಲಿನ ಗಾಳಿಯಲ್ಲೇ ನಿಲ್ತದೆ. ಉಪಗ್ರಹ ಕೆಡಬಹುದು, ರೇಡಿಯೋ ಕೆಡಬಹುದು. ಹೊಟ್ಟೆಯೊಳಗಿನ ಮಗುವಿನ ತಂಟೆಗೆ ಬರೋದಿಲ್ಲ. ಗ್ರಹಣವೂ ಅಷ್ಟೇ, ಬರೀ ನೆರಳು. ನೀವು ಬಾಗಿಲು ತೆಗೀದಿದ್ರೆ ಮಾತ್ರ ಈ ಮಗು ಉಳಿಯೋದಿಲ್ಲ!”

ಕಿರುಚಿಯೇ ಹೇಳಿದ್ದೆ. ಆ ಮನೆಯಲ್ಲಿ ಅತ್ತೆಯ ಎದುರು ಯಾರೂ ಹಾಗೆ ದನಿ ಎತ್ತಿದ್ದಿಲ್ಲ. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ.

“ಗ್ರಹಣವೂ ಎಂಥದೂ ಮಾಡೋದಿಲ್ವಾ?”

“ಇಲ್ಲ ಅತ್ತೆ. ದೇವರಾಣೆ.”

“ನನ್ನ ಮೊದಲನೇದು ಹೆಣ್ಣು. ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಿದ್ದೆ ನಾನು. ಕೂಸಿಗೆ ತುಟಿ ಸೀಳಿತ್ತು. ಹಾಲು ಕುಡೀಲಿಕ್ಕೇ ಆಗ್ಲಿಲ್ಲ, ಹೋಗಿಬಿಡ್ತು. ನಾನೇ ಕೊಂದೆ ಅಂದ್ರು ಎಲ್ಲರೂ.”

ಇವರಿಗೊಬ್ಬಳು ಅಕ್ಕ ಇದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಇವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಬಾಗಿಲಾಚೆಯ “ಅಮ್ಮಾ” ನಿಂತುಹೋಯಿತು.

“ಹಾಗಾದ್ರೆ ನಾನಲ್ವಾ?”

“ನೀವಲ್ಲ ಅತ್ತೆ.”

ಅತ್ತೆ ತಿರುಗಿ ಅಗಳಿ ತೆಗೆದರು. ನನ್ನ ಚೀಲ ತಾವೇ ಎತ್ತಿಕೊಂಡು, ಬಿಸಿಲಿಗಿಳಿದು, ನನಗಿಂತ ಮೊದಲೇ ಜೀಪು ಹತ್ತಿ ಕೂತರು. ಘಾಟಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದರು.

ಮಧ್ಯಾಹ್ನದೊಳಗೆ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ನನಗೆ ಎಚ್ಚರವಾದಾಗ ಅತ್ತೆ ಪಕ್ಕದಲ್ಲಿ ಕೂತು ಮಗುವಿನ ನೆತ್ತಿ ಸವರುತ್ತಿದ್ದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಅದಕ್ಕೂ ಹೀಗೇ ತಲೆತುಂಬ ಕೂದಲಿತ್ತು ಮಾರಾಯ್ತಿ,” ಎಂದರು.