ಗೌಸ್ ಚಾಚಾನ ಮನೆಯ ಶೂರಾ

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಗೌಸ್ ಪೀರ್ ಸಾಹೇಬರು ಒಳಗೆ ಕಾಲಿಡುವ ಮೊದಲೇ ಅವರ ವಾಸನೆ ಬರುತ್ತಿತ್ತು. ಗೂಡು ಬೇಯಿಸಿ ನೂಲು ಬಿಚ್ಚುವವರ ಮೈಗೆ ಅಂಟುವ ವಾಸನೆ ಅದು, ಯಾವ ಸೋಪಿಗೂ ಜಗ್ಗುವುದಿಲ್ಲ. ಬಿಸಿನೀರಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳಲ್ಲಿ ಕೈಬರಹದ ಹಾಳೆಗಳನ್ನು ಹಿಡಿದು, “ಪ್ರಮೋದಾ, ಪುರುಸೊತ್ತಿದ್ಯೇನಮ್ಮಾ?” ಎನ್ನುವರು. ಇಲ್ಲ ಎಂದರೂ ಕೂತುಬಿಡುವರು.

ಚಾಚಾ ರಾಜಕೀಯ ಚಿಂತಕರು ಎಂದರೆ ನಮ್ಮೂರಲ್ಲಿ ನಗುತ್ತಾರೆ. ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರಷ್ಟೇ ಚಿಂತಕರೆಂದು ನಮ್ಮ ಜನರ ಎಣಿಕೆ. ಇವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ತೀರಿಕೊಂಡ ಅಪ್ಪನ ಜಾಗದಲ್ಲಿ ಗೂಡು ಬೇಯಿಸುವ ಒಲೆಯ ಮುಂದೆ ಕೂತವರು. ಶಿವಾಜಿನಗರದಿಂದ ಉರ್ದು ಕಿತಾಬುಗಳನ್ನು ತಂದು ಓದಿ, ತಮ್ಮ ಪುಸ್ತಿಕೆಗಳನ್ನು ಮಾತ್ರ ಕನ್ನಡದಲ್ಲಿ ಬರೆದರು. ಯಾಕೆ ಎಂದರೆ, “ಉರ್ದೂಲಿ ಬರೆದ್ರೆ ನಮ್ಮೋರ್ ಮಾತ್ರ ಬೈತಾರೆ. ಕನ್ನಡದಲ್ಲಾದ್ರೆ ಎಲ್ರೂ ಬೈಬೋದಲ್ಲಮ್ಮಾ” ಎಂದು ನಗುವರು.

ಆ ಪುಸ್ತಿಕೆಗಳ ತಿರುಳು ಒಂದೇ. ಲೋಕದ ಒಡೆತನ ಅಲ್ಲಾಹನದು. ಹಾಗಾಗಿ ಅವನ ಹೆಸರು ಹೇಳಿಕೊಂಡು ಯಾವ ಮನುಷ್ಯನೂ ಇನ್ನೊಬ್ಬನಿಗೆ ಒಡೆಯನಾಗುವಂತಿಲ್ಲ, ಕುರ್ಚಿಯಲ್ಲಿ ಕೂತವನೂ ಬಾಡಿಗೆದಾರನೇ. ಅವನು ಏನು ಮಾಡಿದರೂ ಜನರನ್ನು ಕೇಳಿ ಮಾಡಬೇಕು. ಕುರಾನು ಹೇಳುವ ಶೂರಾ, ಅಂದರೆ ಕೂಡಿ ಸಮಾಲೋಚಿಸುವುದು, ಅದೇ ರಾಜ್ಯದ ಬುನಾದಿ. ಇದಕ್ಕೆ ಚಾಚಾ ತಮ್ಮದೊಂದು ಮಾತು ಸೇರಿಸಿದ್ದರು: ತೀರ್ಮಾನದ ಭಾರ ಹೊರುವವರು ಯಾರೋ, ಅವರನ್ನೇ ಮೊದಲು ಕೇಳಬೇಕು.

ಬರೆದು ಸುಮ್ಮನಾಗುವ ಆಸಾಮಿಯೂ ಅಲ್ಲ. ಮಸೀದಿ ಕಮಿಟಿಯವರು ಬೀದಿಯ ನಲ್ಲಿಯನ್ನು ಆಚೆ ಮೂಲೆಗೆ ಹಾಕಿಸಲು ಹೊರಟಾಗ, ಕೊಡ ಹೊರುವ ಹೆಂಗಸರನ್ನು ಕೇಳಿದಿರಾ ಎಂದು ಅಡ್ಡ ನಿಂತರು. ಕೇರಿಯ ಕೊನೇ ಮನೆಯ ಅಮ್ಮಯಮ್ಮನಿಂದ ಹಿಡಿದು ಎಲ್ಲರ ಬಾಗಿಲಿಗೂ ಹೋಗಿ ತಾವೇ ಕೇಳಿಬಂದರು. ನೂಲು ಬಿಚ್ಚೋನಿಗೆ ಯಾಕಯ್ಯ ಊರ ಉಸಾಬರಿ ಎಂದು ಕಮಿಟಿಯವರು ರೇಗಿದರೂ, ನಲ್ಲಿ ಇದ್ದಲ್ಲೇ ಉಳಿಯಿತು.

ಹೋದ ಚಳಿಗಾಲದಲ್ಲಿ ಹೊಸ ಪುಸ್ತಿಕೆ ತಂದರು. ಒಂದು ಅಲ್ಪವಿರಾಮಕ್ಕೆ ನನ್ನ ಜೊತೆ ಅರ್ಧ ದಿನ ಜಗಳವಾಡುವ ಮನುಷ್ಯ ಈ ಸಲ, “ಹಂಗೇ ಪ್ರಿಂಟ್ ಹಾಕ್ಬಿಡಮ್ಮಾ” ಎಂದರು. ನನಗೆ ಅನುಮಾನ ಬಂತು.

“ಏನ್ ಚಾಚಾ, ಯಾರ್ ಅಟ್ಟಿಸ್ಕೊಂಡ್ ಬರ್ತಾವ್ರೆ?”

ತಡವರಿಸಿದರು. ಆಮೇಲೆ ಹೇಳಿದರು. ಹೃದಯದ ನಾಳಗಳು ಕಟ್ಟಿವೆಯಂತೆ, ಬೇಗ ಆಪರೇಷನ್ ಆಗಬೇಕಂತೆ. ತಾವು ಮಾಡಿಸಿಕೊಳ್ಳುವುದಿಲ್ಲವೆಂದು ಡಾಕ್ಟರಿಗೆ ಹೇಳಿಬಂದಿದ್ದಾರೆ. “ಆಯಸ್ಸು ಸಾಕಷ್ಟು ಕೊಟ್ಟವ್ನೆ ಅಲ್ಲಾ. ಈ ವಯಸ್ಸಲ್ಲಿ ಎದೆ ಕುಯ್ಸ್ಕೊಂಡು ಎಲ್ರಿಗೂ ಯಾಕ್ ತೊಂದ್ರೆ? ಚಾಚಿಗೆ ಹೇಳ್ಬೇಡ.”

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿಲ್ಲಬಾರದ ಮಾತಂತೂ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅಂಗಡಿಯ ಷಟರ್ ಎಳೆದು ಅವರ ಹಿಂದೆಯೇ ಮನೆಗೆ ಹೋದೆ. ಅವರ ಹೆಂಡತಿ ಪ್ಯಾರಿಜಾನ್ ಚಾಚಿ ಅಕ್ಕಿ ಆರಿಸುತ್ತಿದ್ದರು. ಚಾಚಾನ ಎದುರಿಗೇ ಎಲ್ಲ ಹೇಳಿಬಿಟ್ಟೆ.

ಚಾಚಿ ಅಳಲಿಲ್ಲ. ಮೊರ ಪಕ್ಕಕ್ಕಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಇಷ್ಟು ವರ್ಷ ಚಾಚಾ ಬರೆದದ್ದನ್ನೆಲ್ಲ ಮೊದಲು ಓದಿ ಹೇಳುತ್ತಿದ್ದದ್ದು ಇವರಿಗೇ. ಹೂಂ ಎಂದಷ್ಟೇ ಕೇಳುತ್ತಿದ್ದ ಹೆಂಗಸು. ಅರ್ಥವಾಗುತ್ತಿತ್ತೋ ಇಲ್ಲವೋ ಎಂದು ನಮಗೆಲ್ಲ ಅನುಮಾನವಿತ್ತು. ಮನೆಯಲ್ಲಿ ಉರ್ದು ಆಡುವವರು, ಅವತ್ತು ನನಗೂ ತಿಳಿಯಲೆಂದು ಕನ್ನಡದಲ್ಲೇ ಶುರುಮಾಡಿದರು.

“ರೀ, ಭಾರ ಹೊರೋರ್ನ ಮೊದ್ಲು ಕೇಳ್ಬೇಕು ಅಂತ ಬರೆದಿದ್ದು ನೀವೇ ತಾನೆ?”

“ನಾನೇ. ಅದಕ್ಕೇ ಹೇಳ್ತಿರೋದು. ಎದೆ ನಂದು, ಕುಯ್ಸ್ಕೊಳ್ಳೋನು ನಾನು. ಭಾರ ನಂದೇ ಅಲ್ವಾ?”

“ಕುಯ್ಸ್ಕೊಳ್ದೆ ಹೊರಟೋದ್ರೆ? ಹೋದೋರಿಗೆ ಏನ್ರೀ ಭಾರ? ಆಮೇಲೆ ದಿನಾ ಬೆಳಗ್ಗೆ ಎದ್ದು ಒಂದೇ ಲೋಟ ಟೀ ಕಾಸ್ಕೊಂಡು ಕೂರೋಳು ನಾನು. ಊರೋರ್ನೆಲ್ಲಾ ಕೇಳಿದ್ರಿ. ನನ್ನ ಕೇಳಿದ್ರಾ?”

ಮೌಲ್ವಿಗಳಿಗೂ ಮಾತಿನಲ್ಲಿ ಸೋಲದ ಚಾಚಾ ಬಿಡಿಸು ಎನ್ನುವಂತೆ ನನ್ನ ಕಡೆ ನೋಡಿದರು. ನಾನ್ಯಾಕೆ ಬಿಡಿಸಲಿ? ಚಾಚಾ ಕುರ್ಚಿಯಿಂದ ಇಳಿದು, ಮಂಡಿ ಹಿಡಿದುಕೊಂಡು, ಚಾಪೆಯ ಮೇಲೆ ಹೆಂಡತಿಯ ಎದುರಿಗೆ ಕೂತರು.

“ತಪ್ಪಾಯ್ತು. ಈಗ ಕೇಳ್ತಿದೀನಿ. ನಾನೇನ್ ಮಾಡ್ಲಿ, ಪ್ಯಾರಿ?”

ಅಷ್ಟು ಪಟಪಟನೆ ಆಡಿದ ಚಾಚಿಗೆ ಈಗ ಮಾತೇ ಹೊರಡಲಿಲ್ಲ. ಮದುವೆಗೆ ಮುಂಚೆ ಅಪ್ಪ ಕೇಳಿರಲಿಲ್ಲ, ಮದುವೆಯಾದ ಮೇಲೆ ಇವರೂ ಕೇಳಿರಲಿಲ್ಲ. ಕೇಳಿದವರಿಗೆ ಹೇಗೆ ಉತ್ತರ ಕೊಡಬೇಕೆಂದು ಆ ಜೀವಕ್ಕೆ ಅಭ್ಯಾಸವೇ ಇರಲಿಲ್ಲ. ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ.

“ಇರಿ,” ಎಂದರು ಕೊನೆಗೆ. “ಇನ್ನೊಂದಷ್ಟು ದಿವ್ಸ ಇರಿ.”

“ಆಯ್ತು,” ಎಂದರು ಚಾಚಾ. ಆ ವಾರವೇ ಆಪರೇಷನ್ ಮಾಡಿಸಿಕೊಂಡು, ನಮ್ಮೆಲ್ಲರ ಪುಣ್ಯ, ಬದುಕಿ ಬಂದರು.